ಕೋಟೆ ಓಣಿಯ ನಾಲ್ಕನೇ ಮನೆ

ಜನವರಿ ೬, ಬೆಳಿಗ್ಗೆ ೭.೧೦, ಆಫೀಸ್ ಕ್ಯಾಬ್

ಚೆನ್ನೈ ಟ್ರಾಫಿಕ್ಕು, ಆಫೀಸಿರುವ ಶೋಳಿಂಗನಲ್ಲೂರ್ ಇನ್ನೂ ದೂರ. ನಿನ್ನೆ ಅತ್ತೆ ತಮ್ಮ ತವರೂರು ಹೊಳೆಗುಂದದ ಕೋಟೆ ಓಣಿಯ ಹನ್ನೊಂದು ಮನೆಗಳಲ್ಲಿ ಹಿಂದೆ ಯಾರ್ಯಾರಿದ್ದರೆಂದು ಹೇಳಿದರು, ಬರೆದುಕೊಂಡೆ. ಊರಿನ ಚರಿತ್ರೆ ಬರೆಯುತ್ತಿರುವ ನಾಗರಾಜ ಮೇಷ್ಟ್ರಿಗೆ ಈ ತಿಂಗಳ ಹದಿನಾರರೊಳಗೆ ಬೇಕಂತೆ. ಓಣಿ ಬಿದ್ದುಹೋಗಿದೆ. ನೆನಪಿರುವುದು ಅತ್ತೆಯೊಬ್ಬರಿಗೇ. ಎಂಬತ್ತನಾಲ್ಕು ವರ್ಷ! ನನಗೋ ಬೆಳಿಗ್ಗೆ ಇಟ್ಟ ಸ್ಕೂಟರ್ ಕೀ ಸಂಜೆಗೆ ಸಿಗುವುದಿಲ್ಲ.

ಜನವರಿ ೮

ಇನ್ನೂ ಮೂರು ಮನೆ ಸೇರಿ ಹದಿನಾಲ್ಕಾಯಿತು. ಅತ್ತೆಯ ನೆನಪಿನ ಗುಟ್ಟೂ ತಿಳಿಯಿತು. ಹುಡುಗಿಯಾಗಿದ್ದಾಗ ಅರಿಶಿನ-ಕುಂಕುಮಕ್ಕೆ ಕರೆಯಲು ಹೋಗುತ್ತಿದ್ದ ದಾರಿ ಹಿಡಿದೇ ಹೇಳುತ್ತಾರೆ. ಯಾರ ಬಾವಿ ಸಿಹಿ, ಕಾಲರಾ ವರ್ಷ ಯಾರು ಊರಿಗೆಲ್ಲ ಗಂಜಿ ಕಾಯಿಸಿದರು... ನಡುವೆ ತಡೆದರೆ ಮತ್ತೆ ಮೊದಲಿನಿಂದ! ಕೈ ನೋವು. ಆದರೂ ಕೇಳುತ್ತಲೇ ಇರಬೇಕು ಅನಿಸುತ್ತದೆ.

ಜನವರಿ ೧೧

ಮೇಷ್ಟ್ರ ಫೋನ್. ಓಣಿಯಲ್ಲಿ ಇದ್ದದ್ದು ಹದಿನೈದು ಮನೆ, ನಾವು ಕೊಟ್ಟದ್ದು ಹದಿನಾಲ್ಕು. “ಹೆಣ್ಣುಮಕ್ಕಳಿಗೆ ಮೊದಲು ಅಕ್ಷರ ಕಲಿಸಿದವರು ಅದೇ ಓಣ್ಯಾಗ ಇದ್ರಂತ್ರಿ. ಹೆಸರೇ ಸಿಗವಲ್ದು.”

ಅತ್ತೆಯನ್ನು ಕೇಳಿದೆ. “ಮರ್ತೀನಿ,” ಎಂದು ತಟ್ಟೆ ಬಿಟ್ಟೆದ್ದರು. ಮರೆತವರು ಹಾಗೆ ಏಳುವುದಿಲ್ಲ. ನನಗೂ ರೇಗಿತು.

ಜನವರಿ ೧೫, ಮಧ್ಯಾಹ್ನ

ಸಂಕ್ರಾಂತಿ. ಮೇಲಿನ ಮನೆಯ ಊರ್ಮಿಳಾ ಕುಂಕುಮಕ್ಕೆ ಕರೆಯಲು ಬಂದಳು. ನನ್ನನ್ನಷ್ಟೇ ಕರೆದಳು. ಮಾವ ಹೋದಮೇಲೆ ಆರು ವರ್ಷದಿಂದ ಅತ್ತೆಯನ್ನು ಯಾರೂ ಕರೆಯುವುದಿಲ್ಲ. ನಾನು ಅದನ್ನು ಗಮನಿಸಿಯೂ ಇರಲಿಲ್ಲ, ನಾಚಿಕೆ.

ಬಾಗಿಲು ಹಾಕುತ್ತಲೇ ಅತ್ತೆ ಶುರು ಮಾಡಿದರು. “ಬರ್ಕೋ. ಗೋದಾಬಾಯಿ. ನಾಕನೇ ಮನಿ. ಗಂಡ ಇರ್ಲಿಲ್ಲ, ಕರಿಯೂ ಪದ್ಧತಿ ಇರ್ಲಿಲ್ಲ. ಅವ್ರು ಬಾಗಲದಾಗ ನಿಂತಿರ್ತಿದ್ರು, ನಾ ದಾಟಿ ಹೋಗ್ತಿದ್ದೆ. ಮಧ್ಯಾಹ್ನ ಅವ್ರ ಹಿತ್ತಲಕ್ಕೇ ಹೋಗಿ ಬೂದಿಯೊಳಗ ಅಕ್ಷರಾ ತಿದ್ದತಿದ್ದೆ. ಓಣಿ ಹುಡುಗ್ಯಾರೆಲ್ಲಾ ಕಲ್ತದ್ದು ಅಲ್ಲೇ.”

“ಕೊನೆಗೆ ಸೇರಿಸಲಾ ಅತ್ತೆ?”

“ಕೊನಿಗ್ಯಾಕ? ನಾಕನೇದ್ದಕ್ಕೇ ಹಾಕು. ಭೀಮಾಬಾಯಿ ದಾಟಿ ಹೋದ್ಲು ಅಂತ ನನ್ನ ಹೆಸರೂ ಬರಿ.”

ಬರೆದೆ. ಇಷ್ಟು ಧೈರ್ಯ ನನಗೆ ಬಂದೀತೇ? ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಜನವರಿ ೧೬, ಸಂಜೆ

ಮೇಷ್ಟ್ರಿಗೆ ಕಳಿಸಿಯಾಯಿತು. ಇವತ್ತು ನಮ್ಮ ಮನೆಯಲ್ಲಿ ಅರಿಶಿನ-ಕುಂಕುಮ. ಕರೆಯಲು ಹೊರಟೆ, ಅತ್ತೆಯೂ ಬಂದರು. ಕೆಳಗಿನ ಲಕ್ಷ್ಮೀ ಮಾಮಿಯ ಗಂಡ ತೀರಿಕೊಂಡು ವರ್ಷವಾಯಿತಷ್ಟೆ. ಅವರ ಬಾಗಿಲಲ್ಲಿ ನನ್ನ ಕಾಲು ತಡೆಯಿತು. ಅತ್ತೆ ಕೈ ಚಾಚಿ ಬೆಲ್ ಒತ್ತಿಯೇಬಿಟ್ಟರು.

ಮಾಮಿ ನನ್ನನ್ನು ನೋಡಿದರು, ಕುಂಕುಮದ ಬಟ್ಟಲು ನೋಡಿದರು. “ನನ್ನನ್ನಾ ಕರೀತಿರೋದು?” ಎಂದರು. ಅತ್ತೆ ಅವರ ಕೈ ಹಿಡಿದು, “ನಿಮ್ಮನ್ನೇ. ಈ ಸಲ ನಾ ದಾಟಿ ಹೋಗಂಗಿಲ್ಲ, ಬರ್ರಿ,” ಎಂದರು.