ಬಿಳಿ ಗಾಡಿಯ ಬ್ರೇಕು

ಚಾಮರಾಜನಗರ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ಮಧು,

ನೀನು ಹಾಸನಕ್ಕೆ ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಯುಗಾದಿಗೆ ನೀನು ಕಳಿಸಿದ ಸೀರೆ ತಲುಪಿತೆಂದು ಕೂಡ ತಿಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿಯದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಸದಾ ಪಕ್ಕದ ಕೋಣೆಯಲ್ಲೇ ಇರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ನೀವೆಲ್ಲ ಕ್ಷೇಮವೆಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಸುಸ್ತು, ಅಷ್ಟೆ.

ಲಕ್ವ ಹೊಡೆದಾಗ ಹೋಗಿದ್ದ ನಿನ್ನ ಭಾವನ ಮಾತು ಬಹುಮಟ್ಟಿಗೆ ಮರಳಿದೆ. ಊಟ ತಾವೇ ಮಾಡುತ್ತಾರೆ. ಬಲಗಾಲು ಮಾತ್ರ ಹಾಗೇ ಇದೆ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, "ಒತ್ತಿದೀನಿ ಅಂತ ಅವರಿಗೆ ಅನ್ನಿಸುತ್ತೆ, ಕಾಲು ಒತ್ತಿರಲ್ಲ. ಗಾಡಿ ಓಡಿಸೋ ಆಸೆ ಬಿಡಿಸಿಬಿಡಿ" ಎಂದಿದ್ದರು. ನಾನು ಅವರಿಗೆ ಹೇಳಲಿಲ್ಲ. ಮನೆಗೆ ಬಂದ ದಿನವೇ ಅವರು ವಿಚಾರಿಸಿದ್ದು ತಮ್ಮ ಕೆಂಪು ಗಾಡಿಯನ್ನು.

ಮದುವೆಗೆ ಮುಂಚೆ ಸುಲ್ತಾನ್ ಬತ್ತೇರಿಯಿಂದ ತಂದದ್ದು, ನೀನು ನೋಡಿದ್ದೀಯಲ್ಲ. ಎರಡೇ ಸೀಟಿನ ಕಾರು, ತಲೆಯ ಮೇಲೆ ಬಟ್ಟೆಯ ಹೊದಿಕೆ. ಓಟಕ್ಕೇನೂ ಕಮ್ಮಿಯಿಲ್ಲ, ಬ್ರೇಕು ಮಾತ್ರ ಕಲ್ಲು. ಮೈಭಾರವೆಲ್ಲ ಹಾಕಿ ತುಳಿಯಬೇಕು. ನಾನು ಓಡಿಸುವ ಬಿಳಿ ಕಾರಿನದು ಹಗುರ.

"ಬ್ರೇಕು ಹಗುರಾದ್ರೆ ನಾನೇ ಓಡಿಸ್ಬೋದು ಶಶಿ. ನಿನ್ ಗಾಡೀದು ತಗ್ದು ಇದಕ್ಕೆ ಹಾಕ್ಸನ" ಎಂದರು.

ಗುಜರಿಯಲ್ಲಿ ಸಿಗುವುದಿಲ್ಲವೇ ಎಂದೆ.

"ಯಾರ್ ಯಾರೋ ತುಳ್ದು ಸವ್ಸಿರೋದು ಯಾಕೆ? ನಿಂದು ಹೊಸದಿದ್ದಂಗದೆ. ಹೆಂಗೂ ಈ ವರ್ಷ ಅದ್ರ ಎಫ್‌ಸಿ ಮುಗೀತದೆ, ಗುಜರಿಗೆ ಹಾಕಿ ನಿಂಗೆ ಹೊಸ್ದು ತಗಳನ."

ಒಪ್ಪಿದೆ. ಗ್ಯಾರೇಜಿಗೆ ಹೋಗಿ ಬರುವ ನೆಪದಲ್ಲಾದರೂ ಹಾಸಿಗೆ ಬಿಟ್ಟು ಏಳುತ್ತಾರಲ್ಲ ಎಂದು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವರಿಗೆ ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದಾನೆ, ಕಲಂದರ್ ಎಂದು. ಕೆಂಪು ಗಾಡಿಯನ್ನು ಲಾರಿಯಲ್ಲಿ ಕಳಿಸಿದೆವು. ನನ್ನ ಬಿಳಿ ಗಾಡಿಯನ್ನು, ಅವರನ್ನೂ ಕೂರಿಸಿಕೊಂಡು, ನಾನೇ ಓಡಿಸಿದೆ. ಕಲಂದರ್ ಅದನ್ನು ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳಿದ.

"ಸತ್ತಿರೋ ಗಾಡಿ ಅಂದ್ಕಂಡಿದ್ದೆ ಅಕ್ಕಾರೆ, ಇದು ಆಡ್ತಾ ಕುಣೀತಾ ಅದೆ. ಉಸ್ರಾಡೋ ಗಾಡಿ ಬಿಚ್ಚೋದಾದ್ರೆ ಮೊದಲ್ನೇ ನಟ್ಟು ಓನರೇ ಸಡ್ಲಿಸ್ಬೇಕು. ನಮ್ಮ ಅಬ್ಬಾ ಕಾಲದಿಂದ ಈ ಶೆಡ್ಡಲ್ಲಿ ಅಂಗೇಯ."

"ಓನರು ನಾನೇ ಕಣಯ್ಯ" ಎಂದರು ನಿನ್ನ ಭಾವ.

"ದುಡ್ಡು ಕೊಟ್ಟೋರಲ್ಲ ಸಾರ್, ಓಡ್ಸೋರು."

ಸ್ಪ್ಯಾನರ್ ನನ್ನ ಕೈಗೆ ಬಂತು. ನಟ್ಟು ಅಲುಗಲಿಲ್ಲ. "ಹತ್ತಿ ನಿಂತ್ಕಳಿ ಅಕ್ಕಾರೆ" ಎಂದ. ಸೆರಗು ಸಿಕ್ಕಿಸಿಕೊಂಡು ಸ್ಪ್ಯಾನರಿನ ಮೇಲೆ ನಿಂತೆ. ಟಕ್ಕೆಂದಿತು. ಉಳಿದದ್ದನ್ನೆಲ್ಲ ಅವನು ಬಿಚ್ಚಿದ. ಬ್ರೇಕಿಲ್ಲದ ಮೈಯನ್ನು ಗುಜರಿಯವರು ಎಳೆದುಕೊಂಡು ಹೋದರಂತೆ. ನಾನು ನೋಡಲಿಲ್ಲ.

ಮತ್ತೆ ಹೋದಾಗ ಬ್ರೇಕಿನ ಡಿಸ್ಕು, ಪೆಡಲು ಹಗುರ ಮಾಡುವ ಬೂಸ್ಟರು ಎಲ್ಲ ಕೆಂಪು ಗಾಡಿಗೆ ಕೂತಿದ್ದವು. ಬ್ರೇಕಿನ ಎಣ್ಣೆ ಪೈಪಿನೊಳಗಿನ ಗಾಳಿ ತೆಗೆಯುವುದೊಂದೇ ಬಾಕಿ. ಒಬ್ಬರು ಒಳಗೆ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಸ್ಕ್ರೂ ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯುವವರೆಗೆ ಕಾಲು ತೆಗೆಯಬಾರದು. ತೆಗೆದರೆ ಗಾಳಿ ತಿರುಗಿ ಒಳಗೆ. ನಿನ್ನ ಭಾವ ತಾವೇ ಕೂರುತ್ತೇನೆಂದರು.

"ಒತ್ತಿ ಸಾರ್... ಹಿಡ್ಕಳಿ... ಹಿಡ್ದಿದ್ದೀರಾ?"

"ಹಿಡ್ದಿದೀನಿ ಕಣಯ್ಯ, ಎಷ್ಟ್ ಸಲ ಕೇಳ್ತೀಯ!"

ಕಾಲು ಪೆಡಲಿನಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು. ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. ಮತ್ತೆ ಒತ್ತಿಸಿದ, ಮತ್ತೆ ಜಾರಿತು. ಚಕ್ರದಡಿಯಿಂದ ಕಲಂದರ್ ನನ್ನ ಮುಖ ನೋಡಿದ. "ಈ ಪೈಪು ಸರಿಯಿಲ್ಲ ಸಾರ್, ನಿಮ್ದಲ್ಲ ತಪ್ಪು" ಎಂದ. ಪೈಪು ಹೊಸದು. ಕೊನೆಗೆ ಅವರೇ ಎರಡೂ ಕೈಯಿಂದ ತೊಡೆ ಎತ್ತಿ ಕಾಲನ್ನು ಹೊರಗಿಟ್ಟು, "ನೀ ಕೂತ್ಕೊ" ಎಂದರು.

ನಾನು ಕೂತು ಒತ್ತಿದೆ. ಗಾಳಿ ಹೋಗಿ ಪೆಡಲು ಗಟ್ಟಿಯಾದಾಗ ಪಾದಕ್ಕೆ ಸಿಕ್ಕಿದ್ದು ನನ್ನ ಬಿಳಿ ಗಾಡಿಯ ಹಿಡಿತ. ಮನೆಗೂ ನಾನೇ ಓಡಿಸಿದೆ. ತೆರಕಣಾಂಬಿಯಲ್ಲಿ ಹಸುವೊಂದು ಅಡ್ಡ ಬಂತು, ಗಾಡಿ ನಿಂತಿತು. "ಚೆನ್ನಾಗ್ ನಿಲ್ತದೆ" ಎಂದರು. ದಾರಿಯುದ್ದಕ್ಕೂ ಆಡಿದ್ದು ಅದೊಂದೇ ಮಾತು. ಹೊಸ ಗಾಡಿಯ ಮಾತು ಅವರೂ ಎತ್ತಿಲ್ಲ, ನಾನೂ ಕೇಳಿಲ್ಲ.

ಅಮ್ಮನ ವಿಷಯ. ಮೊದಲು ಭಾನುವಾರಗಳಲ್ಲಿ ನಾನೊಬ್ಬಳೇ ಬಿಳಿ ಗಾಡಿಯಲ್ಲಿ ಕುದೇರಿಗೆ ಹೋಗಿ, ಅಣ್ಣನ ಮನೆಯಿಂದ ಅವಳನ್ನು ಕೂರಿಸಿಕೊಂಡು ಸುತ್ತಾಡಿಸುತ್ತಿದ್ದೆನಲ್ಲ, ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಕೂರುತ್ತಿದ್ದಳು. ಈಗ ನಾವಿಬ್ಬರೂ ಕೆಂಪು ಗಾಡಿಯಲ್ಲಿ ಹೋಗಿಳಿದರೆ, "ಇದೇನಮ್ಮಿ, ತೊಟ್ಲಾ? ನನ್ ಮಂಡಿ ಇದ್ರೊಳಕ್ಕೆ ಇಳುದ್ರೂ ಮೇಲಕ್ಕೆ ಯಾರ್ ಎತ್ತಾರು?" ಎಂದು ನಗುತ್ತಾಳೆ. ಇಳಿಯಲು ಜಾಗವಾದರೂ ಎಲ್ಲಿ? ಮೊನ್ನೆ ಮಂಡಿ ತೋರಿಸಲು ಬಸ್ಸಿನಲ್ಲಿ ಹೋದಳಂತೆ.

ಮಗುವಿನ ನೆತ್ತಿಗೆ ದಿನಾ ಎಣ್ಣೆ ಹಾಕು. ನಿಮ್ಮ ಮನೆ ತಣ್ಣಗಿರಲಿ, ನಿನ್ನ ಮೈ ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ಶಶಿರೇಖಾ

ತಾ.ಕ.: ಡಾಕ್ಟರು ಅಂದು ಹೇಳಿದ್ದನ್ನು ನಿನ್ನೆ ಅವರಿಗೆ ಹೇಳಿಬಿಟ್ಟೆ. ಕಾಫಿ ಲೋಟ ಕೆಳಗಿಟ್ಟು, "ನಂಗೂ ಹೇಳಿದ್ರು, ಆಸ್ಪತ್ರೇಲೇ" ಎಂದರು. ಹಾಗಾದರೆ ನನ್ನ ಗಾಡಿ ಯಾಕೆ ಬಿಚ್ಚಿಸಿದಿರಿ ಎಂದೆ. ಅದಕ್ಕೆ ಅವರು, "ಭಾನ್ವಾರ ಬಂದ್ರೆ ನೀನು ಅದ್ರಲ್ಲಿ ಹೊರಟ್ಬುಡ್ತಿದ್ದೆ. ನಾನು ಗೇಟಿನ ಸದ್ದು ಕೇಳ್ಕೊಂಡು ಬಿದ್ದಿರ್ಬೇಕಿತ್ತು. ನನ್ ಗಾಡೀನ ನನ್ನ ಬುಟ್ಟು ನೀನು ತೆಗ್ಯಲ್ಲ, ನಂಗೊತ್ತು."

ನಿಜ, ತೆಗೆಯುವುದಿಲ್ಲ. ಅಮ್ಮನಿಗೆ ಇದನ್ನು ಹೇಳಬೇಡ. ಇವತ್ತು ಭಾನುವಾರ. ಅವರು ಆಗಲೇ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾರೆ.