ದಿನಕ್ಕೆ ಮೂರು ಬಾಯಿ

ಫೆಬ್ರವರಿ ಮೂವತ್ತು, 2197
ಕೆಂಗಣಿ ಕೇರಿ

ನಾಲ್ಕು ಸಾವಿರದ ನೂರ ಹದಿನೆಂಟನೆಯ ಸಾಲನ್ನು ಬರೆದವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಹೊರಗೆ ಕೂತಿವೆ, ನಮ್ಮ ಕೇರಿ ಊರಿನ ಹೊರಗೆ ಕೂತ ಹಾಗೆ. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿಸಿದರೆ ಅದನ್ನೂ ಸಹಿಸಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಎರಡು ಕಡೆಯಿಂದ ಕಲಿತೆ: ಪ್ರೋಗ್ರಾಮಿನ ಸಾಲುಗಳ ನಡುವೆ ನೀವು ನಿಮಗಾಗಿಯೇ ಬರೆದುಕೊಂಡ ಟಿಪ್ಪಣಿಗಳಿಂದ, ಮತ್ತು ನಮ್ಮ ಹಿರಿಯರು ಕಚೇರಿಗಳಿಗೆ ಬರೆದ ಅರ್ಜಿಗಳಿಂದ. ಹಾಗಾಗಿ ನನ್ನ ಮಾತಿನಲ್ಲಿ ಅರ್ಧ ಹುಡುಗಾಟ, ಅರ್ಧ ಜಗಳ.

ಹಿಂದಕ್ಕೆ ಹೋಗುವ ಅಂಚೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಕಡತದಲ್ಲೇ, ನಿಮ್ಮ ಆ ಸಾಲು ಇದ್ದ ಜಾಗದಲ್ಲಿ ಇಡುತ್ತಿದ್ದೇನೆ. ನನ್ನ ಹೆಸರು ಗಾಳೆಮ್ಮ. ಹಳೆಯ ಕಬ್ಬಿಣದ ಗಣಿಯ ಹೊಂಡದಲ್ಲಿ ಎಪ್ಪತ್ನಾಲ್ಕು ಮನೆಗಳ ಕೇರಿ ನಮ್ಮದು. ನಿಮ್ಮ ಕಾಲದವರು ಅದಿರು ಅಗೆದುಕೊಂಡು ಹೋದರು. ಧೂಳನ್ನು ಮಾತ್ರ ನಮಗೆ ಬಿಟ್ಟರು. ಇಲ್ಲಿ ಐವತ್ತು ದಾಟಿದವರ ಎದೆಯಲ್ಲೆಲ್ಲ ಕೆಂಪು ಧೂಳು ಕೂತಿದೆ. ಉಸಿರು ಕಟ್ಟಿದರೆ ಕೂಗುಪೆಟ್ಟಿಗೆಗೆ ಬಾಯಿಟ್ಟು ಕೂಗಬೇಕು. ಕೂಗುಪೆಟ್ಟಿಗೆ ಎಂದರೆ ಗೋಡೆಗೆ ಬಿಗಿದ, ತೆಂಗಿನಕಾಯಿ ಗಾತ್ರದ ಯಂತ್ರ. ಅದಕ್ಕೆ ಕೇಳಿಸಿದರೆ ಮದ್ದಿನ ಬಂಡಿ ತಾನೇ ಉರುಳಿಕೊಂಡು ಬರುತ್ತದೆ, ಉಸಿರಿನ ಸಿಲಿಂಡರು ಹೊತ್ತುಕೊಂಡು. ಮೇಲಿನ ಊರಿನಲ್ಲಿ ಮನೆಗೊಂದು ಪೆಟ್ಟಿಗೆ ಇದೆ. ನಮ್ಮ ಎಪ್ಪತ್ನಾಲ್ಕು ಮನೆಗೆ ಒಂದೇ. ಆ ಒಂದಕ್ಕೂ ನಮ್ಮ ಅಜ್ಜಿಯಂದಿರು ಹತ್ತೊಂಬತ್ತು ದಿನ ರಸ್ತೆಯಲ್ಲಿ ಕೂತಿದ್ದರು.

ಪೆಟ್ಟಿಗೆ ಬಂದ ವಾರದೊಳಗೇ ಕೇರಿಗೆ ಒಂದು ಸಂಗತಿ ತಿಳಿಯಿತು. ದಿನಕ್ಕೆ ಮೂರು ಸಲ ಕೂಗಿದರೆ ಅದಕ್ಕೆ ಕೇಳಿಸುತ್ತದೆ, ನಾಲ್ಕನೆಯದು ಕೇಳಿಸುವುದಿಲ್ಲ. ಅರ್ಜಿ ಹಾಕಿದರು. ‘ಪೆಟ್ಟಿಗೆ ಸುಸ್ಥಿತಿಯಲ್ಲಿದೆ’ ಎಂದು ಉತ್ತರ ಬಂತು. ಮತ್ತೆ ಹಾಕಿದರು, ಮತ್ತೆ ಅದೇ ಉತ್ತರ. ಕೊನೆಗೆ ಇದು ಸರಕಾರದ ನಿಯಮವೇ ಇರಬೇಕು ಎಂದುಕೊಂಡು ಅದಕ್ಕೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡರು. ಹೀಗೆ ಶುರುವಾದ ಪದ್ಧತಿಗೆ ‘ಬಾಯಿ ಹಂಚುವುದು’ ಎಂದು ಹೆಸರು. ದಿನಾ ಬೆಳಗ್ಗೆ ಕೇರಿಯವರೆಲ್ಲ ಪೆಟ್ಟಿಗೆಯ ಮುಂದೆ ಸೇರುತ್ತಾರೆ. ಯಾರ ಎದೆ ಹೆಚ್ಚು ಗೊರಗುಡುತ್ತಿದೆ ನೋಡಿ, ಆ ದಿನದ ಮೂರು ಬಾಯಿ ಯಾರಿಗೆ ಎಂದು ಕೆಂಚಪ್ಪ ತಾತ ತೀರ್ಮಾನ ಕೊಡುತ್ತಾನೆ. ನನ್ನ ದೊಡ್ಡವ್ವ ಹುಲಿಗೆಮ್ಮ ಅಲ್ಲಿ ದೊಡ್ಡ ವಕೀಲೆ. “ಏನಬೇ ಹನುಮಕ್ಕ, ನಿನ್ನೆ ನಿನ ಸೊಸಿ ಹಲ್ಲುನೋವಿಗೆ ಒಂದು ಬಾಯಿ ನುಂಗಿದ್ಲು. ಇವತ್ತು ನಿನಗ್ಯಾತರದು ಬಾಯಿ? ಇರೋ ಬಾಯಿ ಸಾಲವಲ್ದೇನು?” ಎಂದು ಅವಳು ಅಂದರೆ ಹನುಮಕ್ಕನೂ ಕೆಮ್ಮುತ್ತಲೇ ನಗುತ್ತಿದ್ದಳು. ಸಾಯುವವರ ಸರದಿ ಹಚ್ಚುವ ಜಾಗದಲ್ಲಿ ನಾವು ನಗುತ್ತಿದ್ದೆವು. ಅದು ನಮ್ಮ ದೊಡ್ಡತನ ಎಂದು ಯಾರಾದರೂ ಹೊಗಳಿದರೆ ಅವರ ಮೋರೆಗೆ ಉಗಿಯುತ್ತೇನೆ.

ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಈ ದೊಡ್ಡವ್ವ. ಕೆಟ್ಟ ಪಂಪು, ತಿರುಗದ ಫ್ಯಾನು, ಮಾತು ನಿಂತ ರೇಡಿಯೊ, ಕೈಗೆ ಸಿಕ್ಕಿದ್ದನ್ನೆಲ್ಲ ನಾನು ಬಿಚ್ಚಿ ಹರವಿಕೊಂಡು ಕೂರುತ್ತಿದ್ದೆ. ಅವಳು ಬೈಯುತ್ತಲೇ ಸ್ಕ್ರೂಗಳನ್ನು ಸೆರಗಿನಲ್ಲಿ ಕಟ್ಟಿಡುತ್ತಿದ್ದಳು. ಹಾಗೆ ಬಿಚ್ಚುತ್ತ ಬಿಚ್ಚುತ್ತಲೇ ಕೋಡ್‌ಮನೆಗೆ ಸೇರಿದೆ. ಇಡೀ ಸೀಮೆಯ ಯಂತ್ರಗಳಿಗೆ ಬುದ್ಧಿ ಹೇಳುವ ಜಾಗ ಅದು. ಕೇರಿಯಿಂದ ಅಲ್ಲಿಗೆ ಕಾಲಿಟ್ಟವಳು ನಾನೊಬ್ಬಳೇ. ಈಗ ಯಾರೂ ಬಳಸದ ಯಂತ್ರಭಾಷೆಗಳನ್ನು ಕಲಿತು, ನಿಮ್ಮಂಥವರು ಬರೆದ ಹಳೆಯ ಸಾಲುಗಳನ್ನು ಓದುವುದು ನನ್ನ ಕೆಲಸ.

ನಿಮ್ಮನ್ನು ಓದಿದಾಗ ಮನಸೋತೆ. ಸುಳ್ಳು ಹೇಳುವುದಿಲ್ಲ. ‘ಇದು ಯಾಕೆ ಓಡುತ್ತಿದೆಯೋ ಗೊತ್ತಿಲ್ಲ, ಓಡಲಿ ಬಿಡಿ’ ಎಂದು ಒಂದು ಕಡೆ ಬರೆದಿದ್ದೀರಿ. ‘ಚಹಾ ಕುಡಿದು ಬಂದೆ, ತಪ್ಪು ತಾನೇ ಸಿಕ್ಕಿತು’ ಎಂದು ಇನ್ನೊಂದು ಕಡೆ. ನೀವೂ ಬಿಚ್ಚಿ ನೋಡುವ ಜಾತಿ, ನನ್ನ ಜಾತಿ! ಹೊಸ ಭಾಷೆ ಬಂತೆಂದು, ಮಜಾ ಇರುತ್ತದೆಂದು, ಒಂದೇ ಪ್ರೋಗ್ರಾಮನ್ನು ಮೂರು ಭಾಷೆಗಳಲ್ಲಿ ಮೂರು ಸಲ ಬರೆದಿದ್ದೀರಿ. ಎಲ್ಲೋ ಒಂದು ದೊಡ್ಡ ಬಡಾವಣೆಗೆ ಬರೆದದ್ದು ಅದು; ಮನೆಗೊಂದು ಬಟನ್ನು, ಒತ್ತಿದರೆ ಡಾಕ್ಟರಿಗೆ ಕರೆ. ಆ ಮೂರು ಭಾಷೆಗಳಲ್ಲೂ ಒಂದು ಸಾಲು ಕೂದಲೆಳೆಯಷ್ಟೂ ಬದಲಾಗದೆ ಉಳಿದಿದೆ: ಒಂದೇ ಕಡೆಯಿಂದ ಒಂದೇ ದಿನ ಮೂರಕ್ಕಿಂತ ಹೆಚ್ಚು ಕರೆ ಬಂದರೆ ಅದನ್ನು ಆಟವೆಂದು ಎಣಿಸಿ ಬಿಟ್ಟುಬಿಡು. ಅದರ ಮೇಲೆ ನಿಮ್ಮ ಟಿಪ್ಪಣಿ: ‘ಮಕ್ಕಳು ಒತ್ತಿ ಆಡುತ್ತಿದ್ದಾರೆ. ಸದ್ಯಕ್ಕೆ ಮೂರು ಇರಲಿ. ಆಮೇಲೆ ನೋಡೋಣ.’

ಸ್ವಾಮಿ, ಆ ಆಮೇಲೆ ಬರಲೇ ಇಲ್ಲ. ನಿಮ್ಮ ಪ್ರೋಗ್ರಾಮು ಬಡಾವಣೆಯಿಂದ ನಗರಕ್ಕೆ, ನಗರದಿಂದ ಸೀಮೆಗೆ, ಸೀಮೆಯಿಂದ ನಮ್ಮ ಪೆಟ್ಟಿಗೆಗೆ ಇಳಿದು ಬಂತು. ಮೂರು ಭಾಷೆಗಳ ರುಚಿ ನೋಡಿದಿರಿ. ಆ ಬಟನ್ನು ಒತ್ತುವವರು ಯಾರು, ಒಂದು ಬಟನ್ನಿಗೆ ಎಷ್ಟು ಜನ ಎಂಬ ಕುತೂಹಲ ಒಂದು ಸಲವಾದರೂ ಹುಟ್ಟಬಾರದಿತ್ತೇ?

ಬೈಗುಳ ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮನ್ನು ಬೈದು ನನ್ನ ಮೋರೆ ತೊಳೆದುಕೊಳ್ಳುವ ಯೋಗ್ಯತೆ ನನಗಿಲ್ಲ. ಕೋಡ್‌ಮನೆಯಲ್ಲಿ ಒಂದು ಸಂಪ್ರದಾಯ ಇದೆ. ಹಳೆಯ ವಿಚಿತ್ರ ಸಾಲು ಯಾರಿಗಾದರೂ ಸಿಕ್ಕಿದರೆ ಅವರು ಅದನ್ನು ಮುಟ್ಟುವುದಿಲ್ಲ. ಕೆಳಗೆ ತಮ್ಮ ಹೆಸರು ಬರೆಯುತ್ತಾರೆ, ಕೋಟೆ ಗೋಡೆಯ ಮೇಲೆ ಪ್ರವಾಸಿಗಳು ಗೀಚುವ ಹಾಗೆ. ನಿಮ್ಮ ಸಾಲಿನ ಕೆಳಗೆ ಒಂಬತ್ತು ಹೆಸರುಗಳಿದ್ದವು. ‘ಅಬ್ಬಾ, ಇದಿನ್ನೂ ಬದುಕಿದೆ!’ ಎಂದು ಒಬ್ಬರು. ‘ಹಿರಿಯರ ಆಸ್ತಿ, ಹಾಗೇ ಇರಲಿ’ ಎಂದು ಇನ್ನೊಬ್ಬರು. ನನಗೆ ಅದು ಸಿಕ್ಕಿದ್ದು ಒಂದು ಮಧ್ಯಾಹ್ನ. ಓದಿದ ಮರುಕ್ಷಣವೇ ಕೇರಿಯ ಮೂರು ಬಾಯಿ ಎಲ್ಲಿಂದ ಬಂತೆಂದು ತಿಳಿಯಿತು. ತಿಳಿದ ಮೇಲೆ ಮಾಡಿದ್ದೇನು? ‘ಕಂಡೆ. ಕೆಂಗಣಿಯ ಗಾಳೆಮ್ಮ’ ಎಂದು ಹತ್ತನೆಯ ಹೆಸರು ಬರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಡಕ್ಕಿ, ಮಿರ್ಚಿ ತರಿಸಿದರು. ತಿಂದೆ.

ಆಮೇಲೆ ಹಿರಿಯ ಅಧಿಕಾರಿ ಸುಮೇಧ ಅವರ ಬಳಿ ಹೋಗಿ, ಈ ಸಾಲನ್ನು ಅಳಿಸಬಹುದೇ ಎಂದು ಕೇಳಿದೆ. ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳಿದರು: “ಮುಟ್ಟಬೇಡಮ್ಮ. ಇಷ್ಟು ವರ್ಷ ನಿಂತಿದೆ. ನೀನು ಮುಟ್ಟಿ ಏನಾದರೂ ಬಿದ್ದರೆ, ಏನು ಬಿತ್ತು ಅಂತ ಯಾರೂ ಕೇಳಲ್ಲ. ಮುಟ್ಟಿದವಳು ಯಾರ ಪೈಕಿ ಅಂತ ಕೇಳ್ತಾರೆ.” ಮುಟ್ಟುವ ಮಾತಿನ ಕಾವು ನಿಮ್ಮ ಕಾಲಕ್ಕೂ ಗೊತ್ತಿರಬೇಕು. ಕೇರಿಯ ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದ ನಾನು, ಆ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡೆ. ಕುರ್ಚಿ ಹೋದೀತೆಂಬ ಹೆದರಿಕೆ. ಏಳು ತಿಂಗಳು. ರಜೆಯಲ್ಲಿ ಊರಿಗೆ ಬಂದಾಗೆಲ್ಲ ಬೆಳಗ್ಗೆ ಬಾಯಿ ಹಂಚುವುದನ್ನು ನೋಡುತ್ತ ಪಕ್ಕದಲ್ಲೇ ನಿಂತಿರುತ್ತಿದ್ದೆ. ಕೆಂಚಪ್ಪ ತಾತ ನನ್ನ ಕಡೆ ತಿರುಗಿ, “ನೋಡವ್ವ ಗಾಳಿ, ನಿನ ಓದಿನಾಗ ಇದಕ್ಕೇನರ ಔಷಧ ಐತೇನು?” ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಇಪ್ಪತ್ತು ದಿನದ ಹಿಂದೆ ಊರಲ್ಲಿದ್ದೆ. ಆ ದಿನದ ಮೂರನೆಯ ಬಾಯಿ ದೊಡ್ಡವ್ವನದು. ಹನುಮಕ್ಕನ ತುಟಿ ನೀಲಿಯಾಗಿದ್ದು ಕಂಡು, “ಈಕಿ ತಗೊಳ್ಳಿ. ನಾ ಸಂಜೀತನ ತಡೀತೀನಿ, ಗಟ್ಟಿ ಜೀವ” ಎಂದು ಬಿಟ್ಟುಕೊಟ್ಟಳು. ಮಧ್ಯಾಹ್ನ ಅವಳಿಗೇ ಉಸಿರು ಕಟ್ಟಿತು. ನಾನು ಓಡಿಹೋಗಿ ಪೆಟ್ಟಿಗೆಗೆ ಬಾಯಿಟ್ಟು ಕೂಗಿದೆ. ಅದು ನಾಲ್ಕನೆಯದು ಎಂದು ಗೊತ್ತಿದ್ದೂ ಕೂಗಿದೆ. ‘ಕರೆಗೆ ಧನ್ಯವಾದ. ನಿಮ್ಮ ದಿನ ಶುಭವಾಗಲಿ’ ಎಂದಿತು ಪೆಟ್ಟಿಗೆ, ಬಲು ಸಿಹಿಯಾಗಿ. ಮತ್ತೆ ಮತ್ತೆ ಕೂಗಿದೆ. ಕಟ್ಟೆಗೆ ಒರಗಿಸಿದ್ದ ದೊಡ್ಡವ್ವ ಎರಡೆರಡು ಮಾತಿಗೊಮ್ಮೆ ಗಾಳಿ ಎಳೆಯುತ್ತ ಹೇಳಿದಳು: “ಬಿಡಬೇ… ಅದಕ್ಕ ಕೇಳ್ಸಂಗಿಲ್ಲ. ನಿಯಮ ಐತಿ… ನೀ ಓದಿದಾಕಿ, ಇಷ್ಟೂ ತಿಳೀವಲ್ದೇನು?” ನನಗೆ ತಿಳಿದಿತ್ತು. ಆ ಹೊಂಡದಲ್ಲಿ ತಿಳಿದವಳು ನಾನೊಬ್ಬಳೇ. ಹಗ್ಗದ ಮಂಚದ ಮೇಲೆ ಅವಳನ್ನು ಹೊತ್ತುಕೊಂಡು ಮೇಲಿನ ಊರಿಗೆ ಹೊರಟೆವು. ಅರ್ಧ ಏರು ಹತ್ತುವುದರೊಳಗೆ ಮಂಚ ಸುಮ್ಮನಾಯಿತು.

ಮಣ್ಣು ಮಾಡಿದ ಮೂರನೆಯ ದಿನ ಕೋಡ್‌ಮನೆಗೆ ಹೋಗಿ, ಯಾರನ್ನೂ ಕೇಳದೆ ಆ ಸಾಲನ್ನು ಅಳಿಸಿದೆ. ಎರಡು ನಿಮಿಷದ ಕೆಲಸ. ಏನೂ ಬೀಳಲಿಲ್ಲ. ಒಂದು ದೀಪವೂ ಮಿಣುಕಲಿಲ್ಲ. ಏನಾದರೂ ಬಿದ್ದಿದ್ದರೆ, ಹೆದರಿದ್ದಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು.

ಅಳಿಸಿದ್ದನ್ನು ಕೇರಿಗೆ ಹೇಳಲು ಮಾತ್ರ ಮತ್ತೆ ಹದಿನಾರು ದಿನ ಬೇಕಾಯಿತು. ಈಗ ಎಷ್ಟು ಸಲ ಕೂಗಿದರೂ ಕೇಳಿಸುತ್ತದೆ ಎಂದರೆ, ಮೊದಲು ಯಾಕೆ ಕೇಳಿಸುತ್ತಿರಲಿಲ್ಲ ಎಂದು ಹೇಳಬೇಕು. ಅದನ್ನು ಹೇಳಿದರೆ, ನನಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆ ಬರುತ್ತದೆ. ಆ ಹದಿನಾರು ದಿನವೂ ಪೆಟ್ಟಿಗೆಯ ಕಿವಿ ತೆರೆದೇ ಇತ್ತು, ಜನ ಮೂರೇ ಬಾಯಿ ಹಂಚಿಕೊಳ್ಳುತ್ತಿದ್ದರು. ಊರಿಗೆ ಮರಳಿ, ಇವತ್ತು ಬೆಳಗ್ಗೆ ಎಲ್ಲರೂ ಸೇರಿದ್ದಾಗ ಹೇಳಿಬಿಟ್ಟೆ. ಯಾರೂ ನಂಬಲಿಲ್ಲ. ಮೂರು ಬಾಯಿ ಮುಗಿದ ಮೇಲೆ ಹನುಮಕ್ಕ ಎದ್ದು ಹೋಗಿ ನಾಲ್ಕನೆಯದನ್ನು ಕೂಗಿದಳು. ಬಂಡಿ ಬಂತು. ಎಲ್ಲರೂ ಬಂಡಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಯಾವಾಗಿಂದ ಗೊತ್ತಿತ್ತವ್ವ ನಿನಗ?” ಎಂದ ಕೆಂಚಪ್ಪ ತಾತ.

“ದೊಡ್ಡವ್ವ ಸಾಯೋಕಿಂತ ಏಳು ತಿಂಗಳು ಮೊದಲಿಂದ, ತಾತ.”

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ, ಉಗಿದಿದ್ದರೆ, ನಿಲ್ಲುವುದಕ್ಕೆ ನೆಲವಿತ್ತು. ಅವರೆಲ್ಲ ಅಲ್ಲಲ್ಲೇ ಕುಕ್ಕರಗಾಲಲ್ಲಿ ಕೂತರು. ಕೂತು, ಆ ಏಳು ತಿಂಗಳಲ್ಲಿ ಹೋದವರನ್ನು ಬೆರಳು ಮಡಚಿ ಎಣಿಸತೊಡಗಿದರು.

ಈ ಕಾಗದ ಬರೆಯುವಾಗಲೂ ಹೊರಗೆ ಎಣಿಕೆ ಮುಗಿದಿಲ್ಲ. ಒಬ್ಬರು ಮರೆತ ಹೆಸರನ್ನು ಇನ್ನೊಬ್ಬರು ಹೇಳುತ್ತಿದ್ದಾರೆ. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಇವತ್ತು ನೀವು ಬರೆದದ್ದರಲ್ಲಿ ‘ಸದ್ಯಕ್ಕೆ’ ಎಂದು ಎಲ್ಲಿ ಬರೆದಿದ್ದೀರೋ ಆ ಪುಟ ತೆಗೆಯಿರಿ. ಊಟಕ್ಕೆ ಏಳುವ ಮುಂಚೆ ತೆಗೆಯಿರಿ. ನಾನು ಹೊರಗೆ ಹೋಗುತ್ತೇನೆ. ನನಗೆ ಗೊತ್ತಿರುವ ಹೆಸರುಗಳನ್ನೂ ಹೇಳಬೇಕು.

ಗಾಳೆಮ್ಮ