ತಳದ ಬಿರಡೆ

ಅಪ್ಪಾ,

ಇವತ್ತು ಲೈಲ್ ಅಣ್ಣನೂ ನಾನೂ ನಿನ್ನ ದೋಣಿಯನ್ನು ಸ್ಟೇಟ್ ಪಾರ್ಕಿನ ಕೆರೆಗೆ ಇಳಿಸಿದೆವು. ದಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವಷ್ಟೆ, ಕಾಲಡಿಯೆಲ್ಲ ನೀರು.

"ತಳದ ತೂತಿಗೆ ಬಿರಡೆ ಹಾಕಿದ್ಯೇನೇ?" ಅಂದ ಅಣ್ಣ.

"ಅಯ್ಯೋ, ನೀನು ಹಾಕಿಲ್ವಾ?"

ದೋಣಿ ಇಳಿಸೋ ಮುಂಚೆ ಅದನ್ನು ಕೇಳುತ್ತಿದ್ದವನು ನೀನೊಬ್ಬನೇ.

ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತಾ ವಾಪಸ್ ಬಂದಾಗ ದಡದಲ್ಲಿ ನಿನ್ನ ಸ್ನೇಹಿತ ಓರ್ವಿಲ್ ನಗುತ್ತಿದ್ದ. "ಏನ್ರೋ, ಮೀನು ಹಿಡಿಯೋಕೆ ಬಂದ್ರೋ, ಈಜೋಕೋ?" ಆಮೇಲೆ ದನಿ ತಗ್ಗಿಸಿ, "ಹೋದ ಬೇಸಿಗೆ ಪೂರ್ತಿ ನಿಮ್ಮಪ್ಪ ಒಬ್ನೇ ಬರ್ತಿದ್ದ. ಲೈಫ್ ಜಾಕೆಟ್ ಮಾತ್ರ ಮೂರು ತರ್ತಿದ್ದ" ಅಂದ. ಅಣ್ಣ ನನ್ನ ಮುಖ ನೋಡಲಿಲ್ಲ, ನಾನು ಅವನದನ್ನು ನೋಡಲಿಲ್ಲ.

ಬಿರಡೆಗಾಗಿ ದೋಣಿ, ಟ್ರಕ್ಕು ಎಲ್ಲ ಜಾಲಾಡಿದೆವು. ಆಗ ನೆನಪಾಯಿತು. ಟ್ರಕ್ಕಿಗೆ ಕಟ್ಟಿ ರಸ್ತೆಯಲ್ಲಿ ದೋಣಿ ಎಳೆದುಕೊಂಡು ಹೋಗುವಾಗ, ಒಂದು ಕೆರೆಯ ನೀರು ಇನ್ನೊಂದಕ್ಕೆ ಸೇರದೆ ಬಸಿದುಹೋಗಲಿ ಅಂತ, ಬಿರಡೆ ತೆಗೆದಿರಬೇಕು ಅನ್ನುವುದು ಕಾನೂನು. ತೆಗೆದು ನೀನದನ್ನು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮೀನು ಹಿಡಿಯುವ ಆ ಅಂಗಿಯನ್ನೇ ತೊಡಿಸಿ ನಿನ್ನನ್ನು ಮಣ್ಣು ಮಾಡಿದೆವು.

ಅಂಗಿ ತೊಡಿಸುವಾಗ ಜೇಬಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತ್ತು ಅಪ್ಪಾ. ನೀನು ಯಾವಾಗಲೂ ಇಟ್ಟುಕೊಳ್ಳುವ ಪೆಪ್ಪರ್‌ಮಿಂಟ್ ಅಂದುಕೊಂಡೆ. ದಾರಿಗಾಯಿತು ಅಂತ ಹಾಗೇ ಬಿಟ್ಟೆ.